ಮನೆಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡುವವರಿಗೆ: ದಿನದ ಆಟ-ಪಾಠ ಯೋಜಿಸುವುದು ಹೇಗೆ (ಕೊಡಗಿನ ಮನೆಗಳಿಗೆ ಹೊಂದುವಂತೆ)

ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದು ಯಾರಿಗಾದರೂ ಒಪ್ಪಿಕೊಂಡ ರಾತ್ರಿ ಹೆಚ್ಚಿನವರು ಮಾಡುವುದು ಒಂದೇ. ಮೊಬೈಲ್ ಹಿಡಿದು ಪುಟಾಣಿಗಳಿಗೆ ಏನೇನು ಆಡಿಸಬಹುದು ಎಂದು ಹುಡುಕುವುದು. ಬಣ್ಣ ಹಾಕಿದ ಅಕ್ಕಿ, ಗ್ಲಿಟರ್, ಉಣ್ಣೆಯ ಉಂಡೆ, ಕಣ್ಣು ಅಂಟಿಸಿದ ಪೇಪರ್ ಪ್ಲೇಟ್, ಹೀಗೆ ಒಂದರ ಹಿಂದೆ ಒಂದು ವಿಡಿಯೋ. ಬೆಳಗಾಗುವಷ್ಟರಲ್ಲಿ ಆನ್‌ಲೈನ್‌ನಲ್ಲಿ ಸಾವಿರಾರು ರೂಪಾಯಿ ಸಾಮಾನು ಆರ್ಡರ್ ಆಗಿರುತ್ತದೆ.

ಆ ಆರ್ಡರ್ ಮಾಡಬೇಡಿ. ಒಂದೂವರೆ ವರ್ಷದ ಮಗು ಆ ಪೇಪರ್ ಪ್ಲೇಟಿನ ಜೊತೆ ನಾಲ್ಕು ನಿಮಿಷ ಇರುತ್ತದೆ, ಅದರಲ್ಲಿ ಎರಡು ನಿಮಿಷ ಅದನ್ನು ಜಗಿಯುತ್ತದೆ. ಅದೇ ಮಗು ಸ್ಟೀಲ್ ಡಬ್ಬಿಗೆ ಚಮಚ ಹಾಕಿ, ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು, ನೀವು ಬೀನ್ಸ್ ಮುರಿದು ಮುಗಿಸುವ ತನಕ ಕೂತಿರುತ್ತದೆ. ನನ್ನ ಪ್ರಕಾರ ಈ ವಯಸ್ಸಿಗೆ ಚಟುವಟಿಕೆ ಎಂದರೆ ಇಷ್ಟೇ: ಮನೆಯಲ್ಲಿ ಹೇಗೂ ನಡೆಯುವ ಕೆಲಸವನ್ನು ಮಗುವಿನ ಕೈಗೆ ಎಟಕುವಷ್ಟು ಚಿಕ್ಕದು ಮಾಡಿ, ಅದರ ವೇಗಕ್ಕೆ ನಿಧಾನ ಮಾಡಿ, ದಿನಾ ಅದನ್ನೇ ಮತ್ತೆ ಕೊಡುವುದು. ಸುಲಭ ಅಂತ ಅನಿಸುತ್ತದೆ, ಅಲ್ವಾ? ಯೋಜನೆ ಇಲ್ಲದೆ ಹೋದರೆ ಅದೂ ಆಗುವುದಿಲ್ಲ. ಹನ್ನೊಂದು ಗಂಟೆಗೆ ಮೂರು ಮಕ್ಕಳೂ ಒಟ್ಟಿಗೆ ಅಳುತ್ತಿರುತ್ತಾರೆ, ಒಲೆಯ ಮೇಲೆ ಅನ್ನ ತಳ ಹಿಡಿಯುತ್ತಿರುತ್ತದೆ.

ಮೊದಲು ತಲೆ ಎಣಿಸಿ

ಒಬ್ಬರೇ ನೋಡಿಕೊಳ್ಳುವುದಾದರೆ ಮೂರು ವರ್ಷದೊಳಗಿನ ಮೂರು ಮಕ್ಕಳು ಸಾಕು. ಅದರಲ್ಲಿ ವರ್ಷ ತುಂಬದ ಕೂಸು ಒಂದಕ್ಕಿಂತ ಜಾಸ್ತಿ ಬೇಡ. ನಿಮ್ಮದೇ ಮಗು ಮನೆಯಲ್ಲಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಇಂಗ್ಲೆಂಡಿನಲ್ಲಿ ಈ ಕೆಲಸ ಮಾಡುವವರು ನೋಂದಾಯಿಸಿಕೊಳ್ಳಬೇಕು, ಅಲ್ಲಿನ ಮಾಮೂಲಿ ಮಿತಿಯೂ ಹೆಚ್ಚುಕಡಿಮೆ ಹೀಗೇ ಇದೆ: ಐದು ವರ್ಷದೊಳಗಿನವರು ಮೂವರು, ಅವರಲ್ಲಿ ವರ್ಷ ತುಂಬದ್ದು ಒಂದು. "ಇನ್ನೊಂದು ಮಗು ತಾನೇ ಅಕ್ಕ, ಜೊತೆಗೆ ಇದ್ದುಕೊಳ್ಳುತ್ತದೆ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾಲ್ಕನೆಯದು ಬಂದ ದಿನದಿಂದ ನೀವು ಆಡಿಸುವುದು ನಿಲ್ಲುತ್ತದೆ, ಬರೀ ಕಾವಲು ಉಳಿಯುತ್ತದೆ.

ಶುರು ಮಾಡುವ ಮುಂಚೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಏನು ಕಾಗದಪತ್ರ ಬೇಕು ಎಂದು ಕೇಳಿ ಬರುವುದು ಒಳ್ಳೆಯದು. ಹತ್ತಿರದ ಗ್ರಾಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದ್ದರೆ ಒಂದು ಬೆಳಿಗ್ಗೆ ಅಲ್ಲಿ ಕೂತು ನೋಡಿ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ರಾಜ್ಯ ಸರ್ಕಾರ ಶುರು ಮಾಡಿದ್ದು ಅದು. ಅಂಗನವಾಡಿಯಲ್ಲಿ ಕೂತು ಕಲಿಯುವುದು ಮೂರರಿಂದ ಆರು ವರ್ಷದವರು. ನಿಮ್ಮ ಕೈಗೆ ಬರುವವರು ಅವರಿಗಿಂತ ಚಿಕ್ಕವರು, ಅವರ ದಿನವೇ ಬೇರೆ ಥರ.

ನೆಲದ ಮೇಲೆ ಕೂತು ಮನೆ ನೋಡಿ

ನಿಂತು ನೋಡಿದರೆ ಏನೂ ಕಾಣುವುದಿಲ್ಲ. ನೆಲಕ್ಕೆ ಕೂತು, ಬೇಕಿದ್ದರೆ ಅಂಬೆಗಾಲಿಟ್ಟು, ಒಂದು ಸುತ್ತು ಹೋಗಿ.

ನಮ್ಮ ಕಡೆಯ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಬಚ್ಚಲು. ಸೌದೆ ಒಲೆ, ಕುದಿಯುವ ಹಂಡೆ, ಜಾರುವ ಕಲ್ಲು, ತುಂಬಿಟ್ಟ ಬಕೆಟ್, ಎಲ್ಲ ಒಂದೇ ಕಡೆ. ಚಿಲಕ ಮೇಲೆ ಹಾಕಿಸಿ, ಮಗುವಿಗೆ ಎಟಕದ ಎತ್ತರದಲ್ಲಿ. ಪುಟ್ಟ ಮಗು ಮುಳುಗಲು ಕೆರೆ ಬೇಕಿಲ್ಲ, ಬಕೆಟಿನ ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ಸಾಕು. ತಲೆಯ ಭಾರಕ್ಕೆ ಮುಂದಕ್ಕೆ ಬಗ್ಗಿದರೆ ಮತ್ತೆ ಎದ್ದೇಳಲು ಆಗುವುದಿಲ್ಲ, ಸದ್ದೂ ಆಗುವುದಿಲ್ಲ. ಹಾಗಾಗಿ ಮಕ್ಕಳು ಇರುವ ಹೊತ್ತಿನಲ್ಲಿ ಬಕೆಟ್ ಎಲ್ಲ ಖಾಲಿ, ಬೋರಲು. ಬಾವಿಗೆ, ಟ್ಯಾಂಕಿಗೆ, ಇಂಗುಗುಂಡಿಗೆ ಮುಚ್ಚಳ. ಅಂಗಳದ ಪಕ್ಕದಲ್ಲೇ ಕೆರೆ ಇರುವ ಮನೆಯಾದರೆ ಬೇಲಿ ಹಾಕುವ ತನಕ ಮಕ್ಕಳನ್ನು ಒಪ್ಪಿಕೊಳ್ಳಲೇಬೇಡಿ.

ಎರಡನೆಯದು ಗಂಟಲಲ್ಲಿ ಸಿಕ್ಕುವ ಸಾಮಾನು. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಒಂದನ್ನು ಇಟ್ಟುಕೊಳ್ಳಿ. ಅದರೊಳಗೆ ಹಾದುಹೋಗುವ ಯಾವ ಸಾಮಾನೂ ಮೂರು ವರ್ಷದೊಳಗಿನ ಮಗುವಿಗೆ ಆಟದ ಸಾಮಾನಲ್ಲ. ಕಾಫಿ ಬೀಜ, ಕರಿಮೆಣಸು, ಅಡಿಕೆ, ಗೋಲಿ, ಗುಂಡಿ, ಹುಣಸೆ ಬೀಜ, ಎಲ್ಲ ಇದರಲ್ಲಿ ಬರುತ್ತದೆ. ಕಣದಲ್ಲಿ ಕಾಫಿ ಹರಡಿದ್ದಾಗ ಫೋಟೋ ಚೆನ್ನಾಗಿ ಬರುತ್ತದೆ ಎಂದು ಮಗುವನ್ನು ನಡುವೆ ಕೂರಿಸುತ್ತಾರೆ. ಬಾಯಿಗೆ ಮಾತ್ರ ಅಲ್ಲ, ಮೂಗಿಗೂ ಕಿವಿಗೂ ಬೀಜ ತುರುಕಿಕೊಳ್ಳುವ ವಯಸ್ಸು ಅದು. ರಿಮೋಟಿನ, ಆಟಿಕೆಯ ನಾಣ್ಯದಂಥ ಬ್ಯಾಟರಿ ಇನ್ನೂ ಅಪಾಯ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರು ಮಾಡುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೊರಡಿ.

ಆಮೇಲೆ ಹೂಕುಂಡ. ಕೊಡಗಿನಲ್ಲಿ ಜಗುಲಿ ತುಂಬ ಹೂಕುಂಡ ಇಲ್ಲದ ಮನೆ ಕಡಿಮೆ. ಆಂಥೂರಿಯಂ ಮತ್ತು ಡೈಫೆನ್‌ಬೇಕಿಯಾ ಎಲೆ ಜಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಹಸಿ ಕೆಸುವಿನ ಎಲೆಯೂ ಹಾಗೇ. ಕಣಗಿಲೆ, ಉಮ್ಮತ್ತಿ, ಗುಲಗಂಜಿ ಅಂತೂ ನಿಜವಾದ ವಿಷ. ಹೂಕುಂಡ ಎಲ್ಲ ಬಿಸಾಡಬೇಕಿಲ್ಲ, ಮೇಲಿನ ಕಟ್ಟೆಗೆ ಎತ್ತಿಡಿ. ಕಳೆನಾಶಕ, ಮೈಲುತುತ್ತ, ಇಲಿ ಪಾಷಾಣ ಇಟ್ಟ ಕೋಣೆಗೆ ಬೀಗ.

ಅಪ್ಪ ಅಮ್ಮನ ಹತ್ತಿರ ಕೂತು ಬರೆದುಕೊಳ್ಳುವುದು

ಮಗು ಎಷ್ಟು ಗಂಟೆಗೆ ಏಳುತ್ತದೆ, ಹೇಗೆ ಮಲಗುತ್ತದೆ, ಏನು ತಿಂದರೆ ಮೈಮೇಲೆ ದದ್ದು ಬರುತ್ತದೆ, ಯಾವುದಕ್ಕೆ ಹೆದರುತ್ತದೆ, ಕೊನೆಯ ಲಸಿಕೆ ಯಾವಾಗ. ಇಷ್ಟನ್ನು ಎಲ್ಲರೂ ಕೇಳುತ್ತಾರೆ. ಮರೆಯುವುದು ಭಾಷೆ. ಒಂದು ಮಗುವಿನ ಮನೆಯಲ್ಲಿ ಕೊಡವ ತಕ್ಕ್, ಇನ್ನೊಂದರ ಮನೆಯಲ್ಲಿ ಅರೆಭಾಷೆ, ಮತ್ತೊಂದರದ್ದು ಮಲಯಾಳ ಅಥವಾ ತುಳು, ತೋಟದ ಕೆಲಸದವರ ಲೈನ್ ಮನೆಯಿಂದ ಬರುವ ಮಗುವಾದರೆ ಯರವ ಭಾಷೆಯೋ ಹಿಂದಿಯೋ. ನೀರು, ಹಸಿವು, ಉಚ್ಚೆ, ನೋವು, ನಿದ್ದೆ, ಸಾಕು, ಬೇಡ, ಅಮ್ಮ ಬರುತ್ತಾಳೆ: ಇಷ್ಟನ್ನು ಮಗುವಿನ ಮನೆಮಾತಿನಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಮೊದಲ ವಾರದ ಅರ್ಧ ಅಳು ಇದರಿಂದಲೇ ಕಡಿಮೆ ಆಗುತ್ತದೆ. ಮಗುವಿನ ಭಾಷೆ ಕೆಡುತ್ತದೆ ಎಂಬ ಭಯ ಬೇಡ. ಎರಡು ಮೂರು ಭಾಷೆ ಕೇಳಿಕೊಂಡೇ ನಮ್ಮ ಜಿಲ್ಲೆಯ ಮಕ್ಕಳು ಬೆಳೆಯುತ್ತಾರೆ.

ಫೋನ್ ನಂಬರ್ ಒಂದು ಸಾಲದು. ತೋಟದ ಒಳಗೆ ಹೋದವರಿಗೆ ನೆಟ್‌ವರ್ಕ್ ಇರುವುದಿಲ್ಲ. ಅಪ್ಪ, ಅಮ್ಮ ಇಬ್ಬರದ್ದೂ, ಜೊತೆಗೆ ಅವರು ಕೆಲಸ ಮಾಡುವ ಜಾಗದ್ದು, ಐದು ನಿಮಿಷದಲ್ಲಿ ಬರಬಲ್ಲ ನೆಂಟರೊಬ್ಬರದ್ದು ಇರಲಿ. ಇವನ್ನೆಲ್ಲ ಕಾಗದದ ಮೇಲೆ ಬರೆದಿಡಿ, ಕರೆಂಟ್ ಹೋಗಿ ಮೊಬೈಲ್ ಸತ್ತ ದಿನ ಕಾಗದವೇ ಕೆಲಸಕ್ಕೆ ಬರುತ್ತದೆ. ಪಕ್ಕದಲ್ಲೇ 108, 112 ಮತ್ತು ಮಕ್ಕಳ ಸಹಾಯವಾಣಿ 1098. ಮಗುವನ್ನು ಕರೆದುಕೊಂಡು ಹೋಗಲು ಯಾರ್ಯಾರು ಬರಬಹುದು ಎಂಬ ಪಟ್ಟಿಯೂ ಅಲ್ಲೇ. ಪಟ್ಟಿಯಲ್ಲಿ ಇಲ್ಲದ ಚಿಕ್ಕಪ್ಪ ಬಂದರೆ, ಎಷ್ಟೇ ಪರಿಚಯದವರಾದರೂ, ಫೋನ್ ಮಾಡದೆ ಕಳಿಸಬೇಡಿ.

ನಿದ್ದೆ ಮತ್ತು ಊಟವನ್ನು ಮೊದಲು ಇಟ್ಟು, ಉಳಿದ ಜಾಗದಲ್ಲಿ ಆಟ

ಹೊಸಬರು ಆಟಗಳ ಪಟ್ಟಿ ಮಾಡಿ ಅದರ ನಡುವೆ ಊಟ ತುರುಕುತ್ತಾರೆ. ತಿರುಗಿಸಿ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆಂದು ಕೊಟ್ಟ ಸೂಚನೆಗಳ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆ ಸೇರಿ. ದಿನದಲ್ಲಿ ಒಟ್ಟು 180 ನಿಮಿಷವಾದರೂ ಮೈ ಅಲ್ಲಾಡಬೇಕು. ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು, ಅದು ಕುರ್ಚಿಯಲ್ಲಾಗಲಿ, ಬೆನ್ನ ಮೇಲಾಗಲಿ. 180 ನಿಮಿಷ ಅಂದರೆ ಹೆದರಬೇಡಿ. ನಡೆಯುವುದು, ಬಗ್ಗುವುದು, ಡಬ್ಬಿ ತಳ್ಳುವುದು, ಮೆಟ್ಟಿಲು ಹತ್ತುವುದು, ಎಲ್ಲ ಲೆಕ್ಕಕ್ಕೆ ಬರುತ್ತದೆ.

ವರ್ಷದ ಆಸುಪಾಸಿನ ಮಗು ಹಗಲು ಎರಡು ಸಲ ಮಲಗುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನವು ಮಧ್ಯಾಹ್ನದ ಒಂದೇ ನಿದ್ದೆಗೆ ಬರುತ್ತವೆ. ಆ ಬದಲಾವಣೆಯ ವಾರಗಳು ಕಷ್ಟ, ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತವೆ. ಆಗ ಊಟವನ್ನು ಅರ್ಧ ಗಂಟೆ ಬೇಗ ಮಾಡಿಸಿ, ಮಗುವನ್ನು ಎಬ್ಬಿಸಿ ಇಡಲು ಹೋಗಬೇಡಿ.

ಒಂದು ಚೌಕಟ್ಟು ಕೊಡುತ್ತೇನೆ, ನಿಮ್ಮ ಮನೆಗೆ ತಕ್ಕಂತೆ ಎಳೆದುಕೊಳ್ಳಿ.

ಎಂಟೂವರೆ: ಬರುವುದು, ಅಮ್ಮನಿಗೆ ಟಾಟಾ, ಡಬ್ಬಿ-ಚಮಚದ ಆಟ. ಹೊಸದು ಏನೂ ಬೇಡ.
ಒಂಬತ್ತೂವರೆ: ಹಣ್ಣು ಅಥವಾ ತಿಂಡಿ, ಕೈ ತೊಳೆಯುವುದು.
ಹತ್ತು: ಹೊರಗೆ. ಇದೇ ದಿನದ ದೊಡ್ಡ ಭಾಗ.
ಹನ್ನೊಂದು: ಒಳಗೆ, ಅಡುಗೆಮನೆಯ ಹತ್ತಿರ ಒಂದು ಕೈಕೆಲಸ.
ಹನ್ನೆರಡು: ಊಟ, ಮುಖ ತೊಳೆದು ಮಲಗುವುದು.
ಎರಡೂವರೆ: ಎದ್ದವರು ಎದ್ದ ಹಾಗೆ, ಮಡಿಲಲ್ಲಿ ಸ್ವಲ್ಪ ಹೊತ್ತು, ಹಾಲು.
ಮೂರು: ಜಗುಲಿ ಅಥವಾ ಅಂಗಳ, ಕಥೆ, ಹಾಡು, ಸಾಮಾನು ಎತ್ತಿಡುವುದು.
ನಾಲ್ಕೂವರೆಯಿಂದ: ಹೋಗುವುದು.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ಅರೇಬಿಕಾಗೆ ನವೆಂಬರಿನಿಂದ, ರೊಬಸ್ಟಾ ಮುಗಿಯುವ ಫೆಬ್ರವರಿ-ಮಾರ್ಚ್ ತನಕ, ತೋಟದ ಕೆಲಸದವರ ಮಕ್ಕಳು ಬೇಗ ಬಂದು ತಡವಾಗಿ ಹೋಗುತ್ತಾರೆ. ಚೌಕಟ್ಟಿನ ಎರಡು ತುದಿಗಳನ್ನು ಮಾತ್ರ ಎಳೆಯಿರಿ. ಊಟ, ನಿದ್ದೆಯ ಹೊತ್ತು ಅಲ್ಲಾಡಿಸಬೇಡಿ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಲೇ ಗಲಾಟೆ ಜಾಸ್ತಿ. "ಇನ್ನು ಐದು ನಿಮಿಷ" ಎಂದರೆ ಎರಡು ವರ್ಷದ ಮಗುವಿಗೆ ಏನೂ ಅರ್ಥ ಆಗುವುದಿಲ್ಲ. ಕೈ ತೊಳೆಯಲು ಒಂದು ಹಾಡು, ಮಲಗಲು ಒಂದು ಹಾಡು, ಸಾಮಾನು ಎತ್ತಿಡಲು ಒಂದು ಹಾಡು ಇಟ್ಟುಕೊಳ್ಳಿ. ನಿಮ್ಮ ಅಜ್ಜಿ ಹೇಳುತ್ತಿದ್ದದ್ದೇ ಸಾಕು, ರಾಗ ತಪ್ಪಿದರೂ ಕೇಳುವವರು ಯಾರೂ ದೂರು ಹೇಳುವುದಿಲ್ಲ. ಹಾಡು ಶುರುವಾದರೆ ಮುಂದಿನದು ಏನು ಎಂದು ಹತ್ತು ದಿನದಲ್ಲಿ ಅವರಿಗೇ ಗೊತ್ತಾಗುತ್ತದೆ.

ವಾರದ ಹಾಳೆ

ಒಂದು ಹಾಳೆಯಲ್ಲಿ ಸೋಮವಾರದಿಂದ ಶನಿವಾರ ಬರೆಯಿರಿ. ಪ್ರತಿ ದಿನಕ್ಕೆ ಎರಡೇ ಸಾಲು: ಬೆಳಿಗ್ಗೆ ಹೊರಗಿನದ್ದು ಒಂದು, ಹನ್ನೊಂದರ ಕೈಕೆಲಸ ಒಂದು. ಪ್ರತಿಯೊಂದರ ಪಕ್ಕದಲ್ಲಿ ಮಳೆ ಬಂದರೆ ಏನು ಎಂದು ಬರೆಯಿರಿ. ಇಷ್ಟೇ ಯೋಜನೆ.

ಒಂದು ವಾರಕ್ಕೆ ಹೊಸದು ಎಂದು ಒಂದೇ ಒಂದನ್ನು ಸೇರಿಸಿ, ಅದನ್ನೂ ಮೂರು ದಿನ ಹಾಕಿ. ಮೊದಲ ದಿನ ಮಗು ಸುಮ್ನೆ ನೋಡುತ್ತದೆ, ಎರಡನೆಯ ದಿನ ಮುಟ್ಟುತ್ತದೆ, ಮೂರನೆಯ ದಿನ ಆಟ ಶುರುವಾಗುತ್ತದೆ. ಮೊದಲ ದಿನವೇ "ಇದು ಹಿಡಿಸಲಿಲ್ಲ" ಎಂದು ಎತ್ತಿಡುವುದು ಅವಸರ.

ಮೂರು ಮಕ್ಕಳ ವಯಸ್ಸು ಬೇರೆ ಬೇರೆ ಇದ್ದರೆ ಮೂರು ಆಟ ಹುಡುಕಬೇಡಿ. ಸಾಮಾನು ಒಂದೇ ಇರಲಿ, ಕೆಲಸ ಬೇರೆ ಇರಲಿ. ಉದಾಹರಣೆಗೆ ಒಂದು ಬುಟ್ಟಿ ಆಲೂಗಡ್ಡೆ, ದೊಡ್ಡ ಈರುಳ್ಳಿ ನೆಲಕ್ಕೆ ಸುರಿಯಿರಿ. ಹದಿನಾಲ್ಕು ತಿಂಗಳಿನದ್ದು ಬುಟ್ಟಿಗೆ ಹಾಕುತ್ತದೆ, ಮತ್ತೆ ಸುರಿಯುತ್ತದೆ, ಅದಕ್ಕೆ ಅಷ್ಟೇ ಬೇಕು. ಎರಡು ವರ್ಷದ್ದು ಆಲೂಗಡ್ಡೆ ಒಂದು ಕಡೆ, ಈರುಳ್ಳಿ ಒಂದು ಕಡೆ ಮಾಡುತ್ತದೆ. ಮೂರಕ್ಕೆ ಹತ್ತಿರದ್ದಕ್ಕೆ "ನನಗೆ ಎರಡು ತಂದುಕೊಡು, ಸಾರಿಗೆ ಬೇಕು" ಎಂದರೆ ಅದು ದೊಡ್ಡ ಜವಾಬ್ದಾರಿ ಸಿಕ್ಕ ಹಾಗೆ ಎರಡೂ ಕೈಯಲ್ಲಿ ಹಿಡಿದು ಬರುತ್ತದೆ. ಸಾರಿಗೆ ಆಲೂಗಡ್ಡೆಯೂ ಬಂತು.

ಹನ್ನೊಂದು ಗಂಟೆಯ ಕೈಕೆಲಸಗಳು

ಇಲ್ಲಿ ನಮ್ಮ ಅಡುಗೆಮನೆಗಿಂತ ಒಳ್ಳೆಯ ಅಂಗಡಿ ಇಲ್ಲ.

ಕಡಂಬುಟ್ಟು ಮಾಡುವ ದಿನ ಯಾಕೆ ಬೇರೆ ಆಟ ಬೇಕು? ಅಕ್ಕಿ ತರಿ ಬೇಯಿಸಿ, ಉಗುರು ಬೆಚ್ಚಗೆ ಆರಿದ ಮೇಲೆ, ಅಂಗೈಗೆ ತುಪ್ಪ ಸವರಿ ಒಂದೊಂದು ಉಂಡೆ ಕೊಡಿ. ಚಿಕ್ಕವರು ಒತ್ತಿ ಚಪ್ಪಟೆ ಮಾಡುತ್ತಾರೆ, ದೊಡ್ಡವರು ಉರುಟು ಮಾಡಲು ನೋಡುತ್ತಾರೆ, ಬಾಯಿಗೆ ಹೋದರೂ ತೊಂದರೆ ಇಲ್ಲ. ಅವರವರ ಉಂಡೆ ಅವರವರ ತಟ್ಟೆಗೆ ಬಂದರೆ ಊಟವೂ ಸಲೀಸು. ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ತಂಬುಟ್ಟಿಗೆ ಬಾಳೆಹಣ್ಣು ಕಿವುಚುವ ಕೆಲಸ ಪೂರ್ತಿ ಮಕ್ಕಳಿಗೇ ಬಿಡಿ. ಬೆಣ್ಣೆಹಣ್ಣಿನ ಕಾಲದಲ್ಲಿ ಅದನ್ನು ಚಮಚದಿಂದ ಕೆರೆದು ಬಟ್ಟಲಿಗೆ ಹಾಕುವುದು, ಕಿತ್ತಳೆ ಬಂದಾಗ ಸಿಪ್ಪೆ ಬಿಡಿಸಿ ತೊಳೆ ಬೇರೆ ಮಾಡುವುದು. ಬೀಜ ಮಾತ್ರ ನೀವು ತೆಗೆಯಿರಿ.

ಹಿಟ್ಟಿನ ಆಟಕ್ಕೆ ಉಪ್ಪು ಸುರಿದು ಮಾಡುವ ಹಿಟ್ಟಿನ ವಿಡಿಯೋಗಳು ಬಹಳ ಇವೆ. ಈ ವಯಸ್ಸಿಗೆ ಅದು ಬೇಡ. ಮಗು ತಿಂದೇ ತಿನ್ನುತ್ತದೆ, ಅಷ್ಟು ಉಪ್ಪು ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ. ಮಾಮೂಲಿ ಚಪಾತಿ ಹಿಟ್ಟಿಗೆ ಒಂದು ಚಮಚ ಎಣ್ಣೆ, ಬಣ್ಣಕ್ಕೆ ಬೀಟ್‌ರೂಟ್ ರಸ ಅಥವಾ ಅರಿಶಿನ ಹಾಕಿದರೆ ಆಯಿತು. ಬೀಟ್‌ರೂಟ್ ಮಾಡಿದ ದಿನ ಅಮ್ಮಂದಿರಿಗೆ ಮುಂಚೆಯೇ ಹೇಳಿ, ಸಂಜೆ ಡಯಾಪರ್ ನೋಡಿ ಗಾಬರಿ ಆಗುತ್ತಾರೆ.

ನೀರಿನ ಆಟ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಅಗಲ ಪಾತ್ರೆಯಲ್ಲಿ ಎರಡು ಬೆರಳು ನೀರು, ಮೂರು ಲೋಟ, ಒಂದು ಚಹಾ ಸೋಸುವ ಜರಡಿ, ಒಂದು ಸೌಟು. ಚಳಿಯ ದಿನ ಬೆಚ್ಚಗಿನ ನೀರು. ನೀವು ಪಕ್ಕದಲ್ಲೇ ಕೂತಿರಬೇಕು, ಒಂದು ಕೈ ಅಳತೆಯಲ್ಲಿ. ಬಾಗಿಲು ಬಡಿದರೆ ಮಕ್ಕಳನ್ನು ಎತ್ತಿಕೊಂಡೇ ಹೋಗಿ. ಮುಗಿದ ಕೂಡಲೇ ನೀರು ಚೆಲ್ಲಿ.

ಇನ್ನು ಕೆಲವನ್ನು ಹೀಗೇ ಹೇಳಿಬಿಡುತ್ತೇನೆ. ಒಣಗಿದ ಬಟ್ಟೆಯಿಂದ ಕಾಲುಚೀಲದ ಜೋಡಿ ಹುಡುಕುವುದು. ಒದ್ದೆ ಬಟ್ಟೆ ಕೊಟ್ಟು ಬೆಂಚು ಒರೆಸಲು ಹೇಳುವುದು. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಹಳೆಯ ದುಪಟ್ಟಾ ತುರುಕಿ, ಒಂದು ತುದಿ ಹೊರಗೆ ಬಿಟ್ಟು ಎಳೆಯಲು ಕೊಡುವುದು. ಸೇರು, ಪಾವು ಒಂದರೊಳಗೆ ಒಂದು ಕೂರಿಸುವುದು. ಬಣ್ಣದ ಪೆನ್ಸಿಲ್ ಬೇಡ, ದಪ್ಪ ಕ್ರೆಯಾನ್ ಮತ್ತು ನೆಲಕ್ಕೆ ಅಂಟಿಸಿದ ದೊಡ್ಡ ಹಾಳೆ ಸಾಕು. ಏನು ಬರೆದೆ ಎಂದು ಕೇಳಬೇಡಿ.

ಆಹಾರದ ವಿಷಯ ಬಂತಲ್ಲ, ಒಂದು ಮಾತು. ಇಡೀ ಕಡಲೆಕಾಯಿ ಬೀಜ, ಗೋಡಂಬಿ ಐದು ವರ್ಷದ ತನಕ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ಹಲಸಿನ ಬೀಜ ಬೇಯಿಸಿ ನುಣ್ಣಗೆ ಕಿವುಚಿ ಕೊಡಿ. ಹಸಿ ಕ್ಯಾರೆಟ್ ತುರಿಯಿರಿ. ಪಾಪ್‌ಕಾರ್ನ್, ಪೆಪ್ಪರ್‌ಮಿಂಟ್ ಮನೆಯಲ್ಲಿ ಇಡಲೇಬೇಡಿ. ನಮ್ಮ ತೋಟದ ಜೇನು ಎಷ್ಟೇ ಶುದ್ಧ ಇದ್ದರೂ ವರ್ಷ ತುಂಬದ ಕೂಸಿಗೆ ಒಂದು ಹನಿಯೂ ಇಲ್ಲ. ಓಡುತ್ತಾ ತಿನ್ನುವುದು ಇಲ್ಲ, ಕೂತೇ ತಿನ್ನಬೇಕು.

ಗಂಟಲಲ್ಲಿ ಸಿಕ್ಕಿದರೆ: ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದಿದ್ದರೆ ಮುಂದಕ್ಕೆ ಬಗ್ಗಿಸಿ, ಭುಜದ ಎಲುಬುಗಳ ನಡುವೆ ಅಂಗೈಯ ಬುಡದಿಂದ, ಅಂದರೆ ಮಣಿಕಟ್ಟಿನ ಹತ್ತಿರದ ಭಾಗದಿಂದ, ಐದು ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ವರ್ಷ ಮೀರಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಎರಡು ಬೆರಳಿನಿಂದ ಒತ್ತಬೇಕು. ಹೊರಗೆ ಬರುವ ತನಕ ಎರಡನ್ನೂ ಮತ್ತೆ ಮತ್ತೆ ಮಾಡುತ್ತಲೇ ಇರಿ, ಯಾರಿಂದಲಾದರೂ 108ಕ್ಕೆ ಫೋನ್ ಮಾಡಿಸಿ. ಕಾಣದೆ ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಓದಿದರೆ ಸಾಲದು, ಗೊತ್ತಿರುವ ನರ್ಸ್ ಅಥವಾ ಡಾಕ್ಟರ್ ಹತ್ತಿರ ಗೊಂಬೆಯ ಮೇಲೆ ಮಾಡಿ ಕಲಿಯಿರಿ.

ಹತ್ತು ಗಂಟೆಗೆ ಹೊರಗೆ

ಅಡಿಕೆ ಹಾಳೆ ಇದ್ದರೆ ಬೇರೆ ಗಾಡಿ ಬೇಡ. ಅಗಲ ಇರುವ ಕಡೆ ಮಗುವನ್ನು ಕೂರಿಸಿ, ತುದಿ ಹಿಡಿದು ಹುಲ್ಲಿನ ಮೇಲೆ ನಿಧಾನ ಎಳೆಯಿರಿ. ಎರಡೂವರೆ ವರ್ಷದವರು ಗೊಂಬೆ ಕೂರಿಸಿ ತಾವೇ ಎಳೆಯುತ್ತಾರೆ, ಅದು ಎಳೆಯುವವರಿಗೆ ಒಳ್ಳೆಯ ಕಸರತ್ತು. ಬಿದ್ದ ಸಿಲ್ವರ್ ಓಕ್ ಎಲೆ ಹೆಕ್ಕಿ ಬುಟ್ಟಿಗೆ ತುಂಬುವುದು, ಹಲಸಿನ ಎಲೆಗೆ ಹಲಸಿನ ಎಲೆ ಜೋಡಿ ಮಾಡುವುದು, ಕೋಳಿಗೆ ಅಕ್ಕಿ ಹಾಕುವುದು, ಗಿಡಕ್ಕೆ ಚೊಂಬಿನಲ್ಲಿ ನೀರು ಹೊಯ್ಯುವುದು. ಗಿಡಕ್ಕಿಂತ ಕಾಲಿಗೇ ಜಾಸ್ತಿ ನೀರು ಬೀಳುತ್ತದೆ, ಒಂದು ಜೊತೆ ಚಡ್ಡಿ ಹೊರಗೇ ಇಟ್ಟುಕೊಳ್ಳಿ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಬಿರಿದ ವಾರ ಸುಮ್ನೆ ತೋಟದ ಅಂಚಿನ ತನಕ ನಡೆದು ಹೋಗಿ ಮೂಸಿ ಬನ್ನಿ. ಜೇನುನೊಣ ತುಂಬ ಇರುತ್ತದೆ, ಒಳಗೆ ಹೋಗುವುದು ಬೇಡ.

ಮಗುವಿನ ಜೊತೆ ನಡೆಯುವುದು ಎಂದರೆ ಗೇಟಿನ ತನಕ ಹೋಗಲು ಮುಕ್ಕಾಲು ಗಂಟೆ. ಕಲ್ಲು ನೋಡಬೇಕು, ಇರುವೆ ನೋಡಬೇಕು, ಹಿಂದೆ ಬಂದು ಮತ್ತೆ ಕಲ್ಲು ನೋಡಬೇಕು. ಅದೇ ಚಟುವಟಿಕೆ. ಗೇಟು ಮುಟ್ಟಬೇಕು ಎಂದು ಎಳೆದುಕೊಂಡು ಹೋದರೆ ಎಲ್ಲ ಹಾಳು.

ಹೊರಗೆ ಹೋಗಬಾರದ ದಿನಗಳೂ ಇವೆ. ಸಿದ್ದಾಪುರ, ತಿತಿಮತಿ, ಪಾಲಿಬೆಟ್ಟ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ: ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಆನೆ ಇದೆ ಎಂದು ಬಂದಿದ್ದರೆ ಆ ದಿನ ಅಂಗಳವೂ ಬೇಡ, ಜಗುಲಿ ಸಾಕು. ವಾರದ ಹಾಳೆಯಲ್ಲಿ ಆ ದಿನದ ಮಳೆ ಸಾಲನ್ನು ತೆಗೆದುಕೊಳ್ಳಿ. ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ ಅಥವಾ ಬೇರೆ ಔಷಧಿ ಹೊಡೆಯುವಾಗ, ಪಕ್ಕದ ತೋಟದಲ್ಲಿ ಹೊಡೆದರೂ, ಮಕ್ಕಳನ್ನು ಒಳಗಿಟ್ಟು ಆ ಕಡೆಯ ಕಿಟಕಿ ಹಾಕಿ. ಎಲೆ ಹೆಕ್ಕುವ ಆಟ ಒಂದಷ್ಟು ದಿನ ನಿಲ್ಲಿಸಿ. ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ಹತ್ತಿರದಲ್ಲಿ ಗುಂಡು ಹಾರಿಸುವ ಸದ್ದಿಗೆ ಕೆಲವು ಮಕ್ಕಳು ಬಹಳ ಹೆದರುತ್ತವೆ, ಮುಂಚೆಯೇ ಗೊತ್ತಿದ್ದರೆ ಒಳಗೆ ಹಾಡು ಹೇಳಿಕೊಂಡಿರಬಹುದು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್ ತನಕ ಯೋಜನೆಯ ನಿಜವಾದ ಪರೀಕ್ಷೆ. ಕುಶಾಲನಗರ ಕಡೆಯವರಿಗೆ ಅಷ್ಟು ಕಷ್ಟ ಇಲ್ಲ, ಮಡಿಕೇರಿ, ಭಾಗಮಂಡಲ ಕಡೆಯವರಿಗೆ ವಾರಗಟ್ಟಲೆ ಅಂಗಳವೇ ಕಾಣುವುದಿಲ್ಲ. ಆ 180 ನಿಮಿಷ ಮನೆಯೊಳಗೇ ಆಗಬೇಕು.

ಒಂದು ಕೋಣೆಯ ಸಾಮಾನು ಗೋಡೆಗೆ ಸರಿಸಿ, ನೆಲಕ್ಕೆ ಹಾಸಿಗೆ ಹಾಕಿ. ದಿಂಬಿನ ಗುಡ್ಡ ಹತ್ತಿ ಇಳಿಯುವುದು, ಮೇಜಿಗೆ ಬೆಡ್‌ಶೀಟ್ ಹೊದಿಸಿ ಗುಹೆ ಮಾಡುವುದು, ನೆಲಕ್ಕೆ ಟೇಪ್ ಅಂಟಿಸಿ ಅದರ ಮೇಲೆ ನಡೆಯುವುದು, ಆನೆಯ ಹಾಗೆ, ಕಪ್ಪೆಯ ಹಾಗೆ, ನಾಯಿಯ ಹಾಗೆ ನಡೆಯುವುದು. ಗೋಣಿಚೀಲಕ್ಕೆ ಬಟ್ಟೆ ತುಂಬಿ ಬಾಯಿ ಹೊಲಿದರೆ ತಳ್ಳಲು, ಎಳೆಯಲು, ಮೇಲೆ ಬೀಳಲು ಬಹಳ ಚೆನ್ನಾಗಿರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇದನ್ನು ಮಾಡಿ, ನಡುವೆ ಕೂತು ಮಾಡುವ ಕೆಲಸ. ಇಡೀ ಬೆಳಿಗ್ಗೆ ಕೂರಿಸಿದರೆ ಮಧ್ಯಾಹ್ನ ನಿದ್ದೆಯೇ ಬರುವುದಿಲ್ಲ.

ಸಣ್ಣ ಜಡಿಮಳೆಯಾದರೆ ರೇನ್‌ಕೋಟ್, ಗಂಬೂಟ್ ಹಾಕಿ ಹತ್ತು ನಿಮಿಷ ಹೊರಗೆ ಬಿಡಿ. ಸೂರಿನಿಂದ ಬೀಳುವ ನೀರಿಗೆ ಪಾತ್ರೆ ಹಿಡಿಯುವುದು ಯಾವ ಆಟಿಕೆಗೂ ಕಡಿಮೆ ಇಲ್ಲ. ಗುಡುಗು, ಗಾಳಿ ಇದ್ದರೆ ಬೇಡ, ಸಿಲ್ವರ್ ಓಕ್ ಕೊಂಬೆ ಯಾವಾಗ ಬೀಳುತ್ತದೆ ಹೇಳಲಾಗುವುದಿಲ್ಲ. ಒಳಗೆ ಬಂದ ಮೇಲೆ ಬೆರಳುಗಳ ಸಂದಿ, ಕಿವಿಯ ಹಿಂದೆ ಜಿಗಣೆ ನೋಡಿ. ಹತ್ತಿದ್ದರೆ ಜಿಗಣೆಯ ಬಾಯಿ ಅಂಟಿದ ಕಡೆ ಉಗುರು ಸರಿಸಿ ಬಿಡಿಸಿ, ಸೋಪು ಹಾಕಿ ತೊಳೆಯಿರಿ. ಅದರ ಜೊಲ್ಲಿನಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ. ನೀವು ಕಿರುಚಿದರೆ ಮಗುವೂ ಕಿರುಚುತ್ತದೆ.

ಬಟ್ಟೆ ಒಣಗಿಸಲು ಕೆಂಡದ ಮೇಲೆ ಬುಟ್ಟಿ ಕವುಚುವ ಮನೆಗಳು ಇನ್ನೂ ಇವೆ. ಮಕ್ಕಳು ಹೋದ ಮೇಲೆ ಆ ಕೆಲಸ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟು ಮಕ್ಕಳನ್ನು ಮಲಗಿಸುವುದು ಯಾವತ್ತೂ ಇಲ್ಲ, ಅದರ ಹೊಗೆ ಕಾಣದಿದ್ದರೂ ಪ್ರಾಣ ತೆಗೆಯುತ್ತದೆ. ಕರೆಂಟ್ ಇಲ್ಲದ ದಿನಕ್ಕೆ ಮೇಣದ ಬತ್ತಿ ಬೇಡ, ಚಾರ್ಜ್ ಮಾಡುವ ದೀಪ ಇರಲಿ. ಗೋಡೆಯ ಮೇಲೆ ಕೈ ನೆರಳಿನ ಆಟ ಆ ದಿನಕ್ಕೇ ಇಟ್ಟುಕೊಳ್ಳಿ.

ಮೊಬೈಲ್, ಟಿವಿ

ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸೂಚನೆಗಳಲ್ಲಿ ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ ಎಂದಿದೆ, ಎರಡು ವರ್ಷದವರಿಗೆ ಹೆಚ್ಚೆಂದರೆ ದಿನಕ್ಕೆ ಒಂದು ಗಂಟೆ, ಕಡಿಮೆ ಆದಷ್ಟೂ ಒಳ್ಳೆಯದು. ಆ ಒಂದು ಗಂಟೆಯನ್ನು ಮನೆಯವರಿಗೆ ಬಿಡಿ. ನಿಮ್ಮ ಮನೆಯಲ್ಲಿ ಇಲ್ಲ ಎಂದರೆ ಇಲ್ಲ. ಊಟ ಮಾಡಿಸಲು ಮೊಬೈಲ್ ಬೇಕೇ ಬೇಕು ಎನ್ನುವ ಮಗು ಬಂದರೆ ಮೊದಲ ಮೂರು ನಾಲ್ಕು ದಿನ ಕಡಿಮೆ ತಿನ್ನುತ್ತದೆ. ಅಮ್ಮನಿಗೆ ಅದನ್ನು ಮುಂಚೆಯೇ ಹೇಳಿ ಒಪ್ಪಿಸಿ. ಉಳಿದ ಮಕ್ಕಳು ತಿನ್ನುವುದನ್ನು ನೋಡಿ ಅದೂ ಕೈ ಹಾಕುತ್ತದೆ.

ಕಚ್ಚುವುದು, ಕಿತ್ತುಕೊಳ್ಳುವುದು

ಈ ವಯಸ್ಸಿನವರಿಗೆ ಹಂಚಿಕೊಳ್ಳಲು ಬರುವುದಿಲ್ಲ, ಬರಬೇಕು ಎಂದು ಗದರಿಸಿ ಪ್ರಯೋಜನವೂ ಇಲ್ಲ. ಇಷ್ಟವಾದ ಸಾಮಾನು ಎರಡೆರಡು ಇಡಿ. ಕಚ್ಚಿದ ಮಗುವಿಗೆ ಉಪದೇಶ ಬೇಡ. ಕಚ್ಚಿಸಿಕೊಂಡದ್ದನ್ನು ಮೊದಲು ಎತ್ತಿಕೊಳ್ಳಿ, ಕಚ್ಚಿದ್ದಕ್ಕೆ "ಬೇಡ, ನೋವಾಗುತ್ತದೆ" ಎಂದು ಒಂದೇ ಮಾತು ಹೇಳಿ ಜಾಗ ಬದಲಾಯಿಸಿ. ಹೊಡೆಯುವುದು, ಕತ್ತಲೆ ಕೋಣೆ, ಗುಮ್ಮ ಬರುತ್ತಾನೆ ಎನ್ನುವುದು ಯಾವುದೂ ಇಲ್ಲ. ಹೆಚ್ಚಿನ ಕಚ್ಚಾಟ ಊಟಕ್ಕೆ ಅರ್ಧ ಗಂಟೆ ಮುಂಚೆ ನಡೆಯುತ್ತದೆ. ಹಾಗಾದರೆ ನಿಮ್ಮ ಊಟದ ಹೊತ್ತು ತಡವಾಗಿದೆ ಎಂದರ್ಥ, ದಿನದ ಚೌಕಟ್ಟಿನಲ್ಲಿ ಅದನ್ನು ಇನ್ನೂ ಬೇಗ ಇಡಿ.

ಸಂಜೆ ಬರೆದಿಡುವುದು, ರಜೆಯ ವಿಷಯ

ಮಕ್ಕಳು ಹೋದ ಮೇಲೆ ಹಾಳೆಯಲ್ಲಿ ಪ್ರತಿ ಮಗುವಿಗೆ ಒಂದು ಸಾಲು ಬರೆಯಿರಿ: ಏನು ತಿಂದಿತು, ಎಷ್ಟು ಮಲಗಿತು, ಯಾವ ಆಟದಲ್ಲಿ ಮೈಮರೆತಿತು, ಎಲ್ಲಿ ಬಿತ್ತು. ಶನಿವಾರ ಓದಿ ಮುಂದಿನ ವಾರದ ಹಾಳೆ ಮಾಡಿ. ಮೈಮರೆತ ಆಟ ಮುಂದಿನ ವಾರವೂ ಇರಲಿ. ಮೂರು ದಿನ ಕೊಟ್ಟರೂ ಯಾರೂ ಮುಟ್ಟದ್ದನ್ನು ಎರಡು ತಿಂಗಳು ಎತ್ತಿಡಿ, ಆಮೇಲೆ ಅದೇ ಹೊಸದಾಗುತ್ತದೆ. ಸಂಜೆ ಅಮ್ಮಂದಿರು ಬಂದಾಗ ಬಿದ್ದದ್ದು, ಗೀರಿದ್ದು, ಕಚ್ಚಿದ್ದು ಮೊದಲು ನೀವೇ ಹೇಳಿ, ಅವರು ಕಂಡುಹಿಡಿದು ಕೇಳುವ ಹಾಗೆ ಆಗಬಾರದು. ಬೇರೆ ಮಗುವಿನ ಹೆಸರು ಹೇಳದೆ ಹೇಳಿ. ಫೋಟೋ ಸ್ಟೇಟಸ್‌ಗೆ ಹಾಕುವುದು ಅವರು ಒಪ್ಪಿದರೆ ಮಾತ್ರ. ಮೂರೂ ಮಕ್ಕಳು ಇರುವ ಫೋಟೋ ಆದರೆ ಮೂರೂ ಮನೆಯವರು ಒಪ್ಪಬೇಕು.

ಕೊನೆಗೆ ಉಳಿಯುವುದು ಮಳೆ ರಜೆ. ಜೋರು ಮಳೆಗೆ ಜಿಲ್ಲಾಧಿಕಾರಿ ಶಾಲೆ, ಅಂಗನವಾಡಿಗೆ ರಜೆ ಕೊಡುತ್ತಾರೆ, ಬ್ಯಾಂಕಿಗೂ ಆಸ್ಪತ್ರೆಗೂ ಹೋಂಸ್ಟೇಗೂ ಕೊಡುವುದಿಲ್ಲ. ಹಾಗಾಗಿ ಆ ದಿನ ಪುಟ್ಟ ಮಗುವಿನ ಜೊತೆ ಒಂದನೇ ಕ್ಲಾಸಿನ ಅಣ್ಣನೂ ನಿಮ್ಮ ಬಾಗಿಲಲ್ಲಿ ನಿಂತಿರುತ್ತಾನೆ. ಅಣ್ಣನನ್ನು ಸೇರಿಸಿಕೊಳ್ಳುತ್ತೀರಾ ಇಲ್ಲವಾ, ಸೇರಿಸಿಕೊಂಡರೆ ತಲೆ ಎಣಿಕೆ ಎಷ್ಟಾಗುತ್ತದೆ, ರಸ್ತೆಗೆ ಮರ ಬಿದ್ದು ಅಮ್ಮ ಬರುವುದು ರಾತ್ರಿ ಎಂಟಾದರೆ ಏನು, ಆ ದಿನದ ದುಡ್ಡು ಹೇಗೆ. ಇಷ್ಟನ್ನೂ ಮೇ ತಿಂಗಳಲ್ಲೇ ಮಾತಾಡಿ, ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ.